ತಲೆಗೆ ಪೆಟ್ಟು, ಕಾಗದಕ್ಕೆ ಬೀಗ

ಕೈ ಮುರಿದವನ ಪಟ್ಟಿ ಎಲ್ಲರಿಗೂ ಕಾಣುತ್ತದೆ. ಕಾಲು ಕಳೆದುಕೊಂಡವನ ಊರುಗೋಲೂ ಕಾಣುತ್ತದೆ. ತಲೆಯೊಳಗೆ ಪೆಟ್ಟು ಬಿದ್ದವನ ಗಾಯ ಮಾತ್ರ ಯಾರಿಗೂ ಕಾಣುವುದಿಲ್ಲ. ಹೊಲಿಗೆ ಬಿಚ್ಚಿ, ಬೋಳಿಸಿದ ತಲೆಯ ಮೇಲೆ ಕೂದಲು ಬೆಳೆಯಿತೆಂದರೆ ಊರವರ ಲೆಕ್ಕದಲ್ಲಿ ಅವನು ಗುಣವಾದ ಮನುಷ್ಯ. ಆದರೆ ಅವನು ನಿನ್ನೆ ಆಡಿದ ಮಾತನ್ನು ಇಂದು ಮರೆಯುತ್ತಾನೆ. ಸಣ್ಣ ಮಾತಿಗೆ ಕೆರಳಿ ಹೆಂಡತಿ ಮಕ್ಕಳ ಮೇಲೆ ಹರಿಹಾಯುತ್ತಾನೆ. ಕೆಲಸದ ನಡುವೆ ಕೈಚೆಲ್ಲಿ ಕೂರುತ್ತಾನೆ. ಹಲವು ತಿಂಗಳು ಕಳೆದ ಮೇಲೆ ಒಂದು ದಿನ ಮೂರ್ಛೆ ಬಂದು ಬೀಳುತ್ತಾನೆ. ಸೋಮಾರಿಯಾದ ಎನ್ನುವವರು ಕೆಲವರು, ಕುಡಿಯಲು ಕಲಿತ ಎನ್ನುವವರು ಕೆಲವರು, ಗಾಳಿ ಸೋಕಿದೆಯೆಂದು ದೇವಸ್ಥಾನಕ್ಕೆ ಕರೆದೊಯ್ಯುವವರು ಮತ್ತೆ ಕೆಲವರು. ಮಿದುಳಿನ ಗಾಯಕ್ಕೆ ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ನುಡಿಯಬಲ್ಲದ್ದು ಆಸ್ಪತ್ರೆಯ ಕಾಗದವೊಂದೇ. ಆ ಕಾಗದ ಬಡವನ ಕೈಗೆ ಸಿಕ್ಕುವುದಿಲ್ಲ ಎಂಬುದೇ ಈ ವಾರ ನಾವು ಓದುಗರ ಮುಂದಿಡುವ ಪ್ರಶ್ನೆ.

ನಮ್ಮ ಐದು ತಾಲ್ಲೂಕುಗಳಿಗೆ ಇದು ದೂರದ ಪ್ರಶ್ನೆಯಲ್ಲ. ಬಿಡದಿ, ಹಾರೋಹಳ್ಳಿಗಳ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಊರಿಗೆ ಮರಳುವವರು, ನಸುಕಿನಲ್ಲಿ ರೇಷ್ಮೆಗೂಡಿನ ಚೀಲ ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಬರುವ ರೈತರು, ಮಾಗಡಿ ಕನಕಪುರಗಳಿಂದ ದಿನಬೆಳಗಾದರೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಡುವವರು, ಇವರೆಲ್ಲರ ಜೀವ ರಸ್ತೆಯ ಮೇಲಿದೆ. ಬೆಂಗಳೂರು ಮೈಸೂರು ನಡುವಣ ಹೊಸ ಹೆದ್ದಾರಿಯನ್ನು ಪ್ರಧಾನಿಗಳು 2023ರ ಮಾರ್ಚ್ 12ರಂದು ಉದ್ಘಾಟಿಸಿದರು. ಅಪಘಾತಗಳ ಸುದ್ದಿ ದಿನದಿನಕ್ಕೆ ಏರಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ಜೀವ ಉಳಿಯುವುದಾದರೆ ನಿಷೇಧಕ್ಕೆ ನಮ್ಮ ತಕರಾರಿಲ್ಲ. ಆದರೆ ವೇಗದ ದಾರಿ ಉಳ್ಳವರ ಕಾರಿಗೆ, ಇಕ್ಕಟ್ಟಿನ ಸರ್ವಿಸ್ ರಸ್ತೆ ಮಿಕ್ಕವರಿಗೆ ಎಂಬ ವಿಭಾಗವಂತೂ ಆಯಿತು. 2025ರಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೊಸ ಹೆಸರೂ ಬಂದಿತು. ಹೆಸರು ಬದಲಾಯಿಸಿದವರು ಪೆಟ್ಟು ತಿಂದವನ ಪಾಡನ್ನೂ ಬದಲಾಯಿಸುವರೆಂದು ಜನ ಕಾದಿದ್ದಾರೆ.

ಕಾಗದ ಹುಟ್ಟುವ ಬಗೆ

ತಲೆಗೆ ಪೆಟ್ಟು ಬಿದ್ದವನನ್ನು ಮೊದಲು ತರುವುದು ಹತ್ತಿರದ ಆಸ್ಪತ್ರೆಗೆ. ಅಲ್ಲಿ ಎಂ.ಎಲ್.ಸಿ. ರಿಜಿಸ್ಟರಿನಲ್ಲಿ ಅವನ ಹೆಸರು, ಬಂದ ಹೊತ್ತು, ಗಾಯ, ಗಾಯವಾದ ಕಾರಣ ಇಷ್ಟನ್ನೂ ಬರೆಯುತ್ತಾರೆ. ಕಾರಣ ಹೇಳುವವರಾರು? ಗಾಯಾಳುವಿಗೆ ಪ್ರಜ್ಞೆಯಿಲ್ಲ. ಹೆಂಡತಿ ಇನ್ನೂ ಊರಿನಿಂದ ಹೊರಟಿಲ್ಲ. ಕರೆತಂದವರು ಹೇಳಿದ ಮಾತೇ ರಿಜಿಸ್ಟರಿಗೆ ಇಳಿಯುತ್ತದೆ. ಕೆಲವೊಮ್ಮೆ ಕರೆತಂದವನು ಗುದ್ದಿದ ವಾಹನದ ಚಾಲಕನೇ ಆಗಿರುತ್ತಾನೆ. "ಬೈಕಿನಿಂದ ಜಾರಿ ಬಿದ್ದ" ಎಂದು ಒಂದು ಸಾಲು ಹೇಳಿ ಅವನು ಹೊರಟುಹೋಗುತ್ತಾನೆ. ಎರಡು ವರ್ಷದ ಮೇಲೆ ವಿಮಾ ಕಂಪೆನಿಯ ವಕೀಲರು ಅದೇ ಸಾಲನ್ನು ನ್ಯಾಯಾಧೀಶರ ಮುಂದೆ ಓದುತ್ತಾರೆ: ತಾನೇ ಬಿದ್ದವನಿಗೆ ನಮ್ಮ ಲಾರಿ ಯಾಕೆ ಪರಿಹಾರ ಕೊಡಬೇಕು? ಅವಸರದಲ್ಲಿ ಗೀಚಿದ ಆ ಸಾಲು ಒಂದು ಸಂಸಾರದ ಅನ್ನವನ್ನು ಕಿತ್ತುಕೊಳ್ಳಬಲ್ಲದು.

ಅದೇ ರಾತ್ರಿ ಇನ್ನೊಂದು ಅಂಕೆಯನ್ನೂ ಬರೆಯುತ್ತಾರೆ. ಗಾಯಾಳು ಕಣ್ಣು ತೆರೆಯುತ್ತಾನೆಯೇ, ಮಾತಿಗೆ ಮಾತು ಕೊಡುತ್ತಾನೆಯೇ, ಹೇಳಿದಂತೆ ಕೈಕಾಲು ಆಡಿಸುತ್ತಾನೆಯೇ ಎಂದು ನೋಡಿ 3ರಿಂದ 15ರವರೆಗೆ ಅಂಕ ಕೊಡುವ ಪದ್ಧತಿಯನ್ನು ಗ್ಲಾಸ್ಗೋ ನಗರದ ಇಬ್ಬರು ವೈದ್ಯರು, ಟೀಸ್‌ಡೇಲ್ ಮತ್ತು ಜೆನೆಟ್, 1974ರಲ್ಲಿ ರೂಪಿಸಿದರು. ಜಗತ್ತಿನ ಆಸ್ಪತ್ರೆಗಳೆಲ್ಲ ಇಂದು ಅದನ್ನು ಬಳಸುತ್ತವೆ. 13ರಿಂದ 15 ಬಂದರೆ ಪೆಟ್ಟು ಲಘು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕೂ ಕಡಿಮೆಯಾದರೆ ಗಂಭೀರ. ಮೊದಲ ಗಂಟೆಗಳ ಈ ಅಂಕೆಯನ್ನು ಆಮೇಲೆ ಯಾರೂ ಮರಳಿ ಅಳೆಯಲಾರರು. ಬರೆದರೆ ಉಂಟು, ಬರೆಯದಿದ್ದರೆ ಇಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವೆಂದರೆ ಮಿದುಳಿಗೆ ಏನೂ ಆಗಿಲ್ಲವೆಂದು ಅರ್ಥವಲ್ಲ ಎಂಬುದನ್ನೂ ಓದುಗರು ತಿಳಿದಿರಬೇಕು. ಒಳಗಿನ ಸೂಕ್ಷ್ಮ ನರತಂತುಗಳು ಎಳೆದುಹೋಗಿದ್ದರೆ ಸ್ಕ್ಯಾನಿನಲ್ಲಿ ಅದು ಕಾಣದೆ ಇರಬಹುದು. ಹಣೆಯ ಹಿಂದಿನ ಭಾಗಕ್ಕೆ ಏಟು ಬಿದ್ದರೆ ಮನುಷ್ಯ ನಡೆದಾಡುತ್ತಾನೆ, ಮಾತಾಡುತ್ತಾನೆ. ವಿವೇಚನೆ, ತಾಳ್ಮೆ, ಸ್ವಭಾವ ಮಾತ್ರ ಕೆಟ್ಟಿರುತ್ತವೆ. ಇದನ್ನು ಕಂಡುಹಿಡಿಯಲು ಜ್ಞಾಪಕ, ಗಮನ, ಬುದ್ಧಿಯನ್ನು ಗಂಟೆಗಟ್ಟಲೆ ಕೂರಿಸಿ ಪರೀಕ್ಷಿಸುವ ಮನಶ್ಶಾಸ್ತ್ರಜ್ಞರು ಬೇಕು. ಅದಕ್ಕೆ ನಮ್ಮ ಜನ ಬೆಂಗಳೂರಿನ ನಿಮ್ಹಾನ್ಸ್ ಮುಂದೆ ಸಾಲು ನಿಲ್ಲಬೇಕು.

ಹೀಗೆ ಒಬ್ಬನೇ ಗಾಯಾಳುವಿನ ಕತೆ ಮೂರು ಕಡೆ ಹಂಚಿಹೋಗುತ್ತದೆ. ಮೊದಲ ಪುಟ ತಾಲ್ಲೂಕು ಆಸ್ಪತ್ರೆಯಲ್ಲಿ, ನಡುವಿನ ಪುಟಗಳು ದಾರಿಯಲ್ಲಿ ಸಿಕ್ಕ ಖಾಸಗಿ ಆಸ್ಪತ್ರೆಯಲ್ಲಿ, ಕೊನೆಯ ಪುಟ ಬೆಂಗಳೂರಿನಲ್ಲಿ. ಮೂರನ್ನೂ ಜೋಡಿಸಿ ತರುವ ಹೊಣೆಯನ್ನು ಹೊತ್ತವರಾರು? ಅಕ್ಷರ ಬಾರದ ತಾಯಿ, ಇಲ್ಲವೇ ಕೂಲಿ ಬಿಟ್ಟು ಬಂದ ತಮ್ಮ.

ಕಾಯಿದೆ ಉಂಟು, ಕೊಡುವವರಿಲ್ಲ

ಕಾಯಿದೆ ಇಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡಾವಳಿ ನಿಯಮಗಳು ಸ್ಪಷ್ಟವಾಗಿವೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಕಾಪಾಡಬೇಕು. ರೋಗಿಯಾಗಲಿ, ಅವನ ಪರವಾದವರಾಗಲಿ ಕೇಳಿದರೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿರುವುದು ವೈದ್ಯರ ದುರ್ನಡತೆ. 2023ರಲ್ಲಿ ಬಂದ ಹೊಸ ನಿಯಮಗಳನ್ನು ಅದೇ ಆಗಸ್ಟ್ ತಿಂಗಳಲ್ಲಿ ತಡೆಹಿಡಿದುದರಿಂದ ಹಳೆಯ ನಿಯಮವೇ ಇಂದಿಗೂ ನಡೆದಿದೆ. ರೋಗಿಯ ಕಾಗದವನ್ನು ರೋಗಿಗೇ ಕೊಡದೆ ಗುಟ್ಟಿನ ನೆಪ ಹೇಳುವಂತಿಲ್ಲ ಎಂದು ಮುಂಬಯಿ ಹೈಕೋರ್ಟು 1996ರಲ್ಲೇ ಹೇಳಿತು. ಸರಕಾರಿ ಆಸ್ಪತ್ರೆಯಾದರೆ 2005ರ ಮಾಹಿತಿ ಹಕ್ಕು ಕಾಯಿದೆಯ ದಾರಿಯೂ ಇದೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ನಮ್ಮ ಕಾರ್ಯಕರ್ತರೊಡನೆ ಮಗನ ಕೇಸ್ ಶೀಟು ಕೇಳಲು ಹೋದ ಒಬ್ಬ ತಾಯಿಗೆ ಒಂದು ಆಸ್ಪತ್ರೆಯಲ್ಲಿ ಮೊದಲ ಸಲ ಬಾಕಿ ಕಟ್ಟಿ ಎಂದರು. ಬಾಕಿ ಕಟ್ಟಿ ಹೋದಾಗ ದಾಖಲೆ ಕೊಠಡಿಯವರು ರಜೆ ಎಂದರು. ಮೂರನೆಯ ಸಲ ವಕೀಲರ ಪತ್ರ ತನ್ನಿ ಎಂದರು. ನಾಲ್ಕನೆಯ ಸಲ ಪೊಲೀಸರು ಕೇಳಿದರಷ್ಟೇ ಕೊಡುವುದು ಎಂದರು. ನಾಲ್ಕು ಸಲಕ್ಕೆ ನಾಲ್ಕು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ನಿಯಮದ ಪ್ರತಿಯನ್ನು ಮೇಜಿನ ಮೇಲಿಟ್ಟು, ಸ್ವೀಕೃತಿ ಕೊಡುವವರೆಗೆ ಕದಲುವುದಿಲ್ಲವೆಂದು ಕುಳಿತ ಮೇಲೆ ಮೂರನೆಯ ದಿನ ನಕಲು ಬಂದಿತು. ಮೂರು ದಿನದಲ್ಲಿ ಸಿಗುವ ಕಾಗದಕ್ಕೆ ಅಷ್ಟು ಅಲೆಸಿದ್ದೇಕೆ?

ಗೇಣಿದಾರರ ಹೋರಾಟವನ್ನು ಬಲ್ಲ ಓದುಗರಿಗೆ ಇದು ಹಳೆಯ ಪರಿಚಯದ ಆಟ. ತಲೆತಲಾಂತರದಿಂದ ಉತ್ತವನಿಗೆ ಧಣಿ ಗೇಣಿಯ ರಸೀದಿ ಕೊಡುತ್ತಿರಲಿಲ್ಲ. 1951ರ ಕಾಗೋಡು ಸತ್ಯಾಗ್ರಹ ಗೇಣಿ ಅಳೆಯುವ ಕೊಳಗದ ವಿಷಯದಲ್ಲಿ ಹೊತ್ತಿಕೊಂಡಿತು. ಅಳತೆಯೂ ಧಣಿಯ ಕೈಯಲ್ಲಿ, ಲೆಕ್ಕವೂ ಧಣಿಯ ಕೈಯಲ್ಲಿ ಎಂಬುದೇ ಅಲ್ಲಿಯ ನೋವು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು, ಗೇಣಿದಾರರು 7ನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯಮಂಡಳಿಗೆ ಹೋದಾಗ ಪಹಣಿಯಲ್ಲಿ ಹೆಸರಿಲ್ಲದವನು ಉತ್ತದ್ದನ್ನು ಸಾಬೀತು ಮಾಡಲು ಹೆಣಗಬೇಕಾಯಿತು. ದುಡಿಮೆ ಒಬ್ಬನದು, ದಾಖಲೆ ಇನ್ನೊಬ್ಬನ ಪೆಟ್ಟಿಗೆಯಲ್ಲಿ. ಇಂದು ನೋವು ಒಬ್ಬನದು, ಕೇಸ್ ಶೀಟು ಇನ್ನೊಬ್ಬನ ಬೀರುವಿನಲ್ಲಿ.

ಶೇಕಡಾ ಲೆಕ್ಕ

ಕಾಗದದ ಬೆಲೆಯನ್ನು ಒಂದು ಲೆಕ್ಕದಿಂದ ತೋರಿಸುತ್ತೇವೆ. ಚನ್ನಪಟ್ಟಣದಲ್ಲಿ ಲೇತ್ ಮೇಲೆ ಬೊಂಬೆ ಕಡೆಯುವ 34 ವರ್ಷದ ಕೆಲಸಗಾರನೊಬ್ಬನಿದ್ದಾನೆ, ತಿಂಗಳಿಗೆ 15,000 ರೂಪಾಯಿ ದುಡಿಯುತ್ತಾನೆ ಎಂದಿಟ್ಟುಕೊಳ್ಳೋಣ. ವರ್ಷದ ದುಡಿಮೆ 1,80,000. ಸುಪ್ರೀಂ ಕೋರ್ಟು 2009ರಲ್ಲಿ ಒಪ್ಪಿದ ಕೋಷ್ಟಕದಂತೆ ಆ ವಯಸ್ಸಿಗೆ ಗುಣಕ 16. ಗುಣಿಸಿದರೆ 28,80,000 ರೂಪಾಯಿ. ವೈದ್ಯರು ಅವನ ಅಂಗವೈಕಲ್ಯ ಶೇಕಡಾ 20 ಎಂದು ಬರೆದರೆ, ನ್ಯಾಯಮಂಡಳಿಯೂ ಅಷ್ಟಕ್ಕೇ ನಿಂತರೆ, ದುಡಿಮೆಯ ನಷ್ಟವೆಂದು ಅವನಿಗೆ ಬರುವುದು 5,76,000. ಆದರೆ ತಿರುಗುವ ಮರಕ್ಕೆ ಉಳಿ ಕೊಡುವವನಿಗೆ ಗಮನ ಒಂದು ಚಣ ತಪ್ಪಿದರೆ ಬೆರಳೇ ಹೋಗುತ್ತದೆ. ಮೂರ್ಛೆ ಬರುವವನನ್ನು ಯಾವ ಯಜಮಾನನೂ ಯಂತ್ರದ ಮುಂದೆ ನಿಲ್ಲಿಸಲಾರ. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕುವ ರಾಮನಗರದ ರೀಲಿಂಗ್ ಕೆಲಸಗಾರ್ತಿಗೂ, ಕನಕಪುರದ ಕಲ್ಲುಗಣಿಯ ಕೂಲಿಗೂ ಇದೇ ಮಾತು. ಕಾಗದದ ಮೇಲಿನ 20 ಲೇತಿನ ಮುಂದೆ 100 ಆಗುತ್ತದೆ. ನಡುವಿನ ವ್ಯತ್ಯಾಸ 23,04,000 ರೂಪಾಯಿ.

ಈ ನ್ಯಾಯವನ್ನು ಸುಪ್ರೀಂ ಕೋರ್ಟು 2010ರ ಅಕ್ಟೋಬರಿನಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಮೊಕದ್ದಮೆಯಲ್ಲಿ ಒಪ್ಪಿದೆ. ಎಡಗೈ ಕಳೆದುಕೊಂಡ ಚಾಲಕನಿಗೂ ಬಡಗಿಗೂ ನಷ್ಟ ಹೆಚ್ಚುಕಡಿಮೆ ಪೂರ್ಣ. ಅದೇ ಕೈ ಕಳೆದುಕೊಂಡ ಗುಮಾಸ್ತನ ನೌಕರಿ ಉಳಿದರೆ ಅವನಿಗೆ ಅಷ್ಟು ನಷ್ಟವಿಲ್ಲ. ದೇಹದ ಶೇಕಡಾ ಬೇರೆ, ದುಡಿಮೆಯ ಶೇಕಡಾ ಬೇರೆ ಎಂಬುದು ಅದರ ಸಾರ. ಆದರೆ ಅದೇ ತೀರ್ಪು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದೆ: ಚಿಕಿತ್ಸೆ ಮಾಡದ ವೈದ್ಯರು ಸಿದ್ಧಮಾಡಿ ಕೊಡುವ ಪ್ರಮಾಣಪತ್ರವನ್ನು ಎಚ್ಚರದಿಂದ ನೋಡಬೇಕು. ಈ ಎಚ್ಚರಿಕೆ ತಪ್ಪಲ್ಲ. ಸುಳ್ಳು ದಾವೆಗಳು ಇವೆ, ಆಸ್ಪತ್ರೆಯ ಬಾಗಿಲಲ್ಲಿ ಪಾಲು ಮಾತಾಡಿಕೊಂಡು ಕೇಸು ಹಿಡಿಯುವ ದಲ್ಲಾಳಿಗಳೂ ಇದ್ದಾರೆ. ಆ ದಲ್ಲಾಳಿ ಬದುಕಿರುವುದೇ ಕಾಗದ ಬೀಗದೊಳಗೆ ಇರುವುದರಿಂದ. ಮೊದಲ ದಿನದ ನಿಜವಾದ ದಾಖಲೆ ಗಾಯಾಳುವಿನ ಕೈಯಲ್ಲಿದ್ದರೆ ಸುಳ್ಳುಗಾರನಿಗೂ ಜಾಗವಿಲ್ಲ, ದಲ್ಲಾಳಿಗೂ ಕೆಲಸವಿಲ್ಲ.

ದಾಖಲೆ ಸರಿಯಾಗಿದ್ದರೆ ಏನಾಗಬಲ್ಲದು ಎಂಬುದಕ್ಕೆ ಹರಿಯಾಣದ ಒಬ್ಬ ಬಾಲಕಿಯ ಮೊಕದ್ದಮೆ ಸಾಕ್ಷಿ. ತಂದೆತಾಯಿಯೊಡನೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ 12 ವರ್ಷದ ಆ ಹುಡುಗಿಗೆ 2007ರ ಅಕ್ಟೋಬರಿನಲ್ಲಿ ಲಾರಿ ಗುದ್ದಿ ಮಿದುಳಿಗೆ ಗಾಯವಾಯಿತು. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯವರು ಪರೀಕ್ಷಿಸಿ, ಅವಳ ವ್ಯವಹಾರದ ಮಟ್ಟ 9 ತಿಂಗಳ ಕೂಸಿನದು, ಅಂಗವೈಕಲ್ಯ ಶೇಕಡಾ 100 ಎಂದು ಬರೆದುಕೊಟ್ಟರು. ನ್ಯಾಯಮಂಡಳಿ ಕೊಟ್ಟದ್ದು ಸುಮಾರು 11 ಲಕ್ಷ, ಹೈಕೋರ್ಟು ಸುಮಾರು 25 ಲಕ್ಷ 78 ಸಾವಿರ. ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ಅದನ್ನು 62 ಲಕ್ಷ 27 ಸಾವಿರಕ್ಕೆ ಏರಿಸಿತು. ಅವಳನ್ನು ಜೀವನಪರ್ಯಂತ ನೋಡಿಕೊಳ್ಳುವ ಇಬ್ಬರು ಸಹಾಯಕರ ಖರ್ಚೆಂದೇ 21 ಲಕ್ಷ 60 ಸಾವಿರ ಹಿಡಿಯಿತು. ತಾಯಂದಿರು ಮನೆಯಲ್ಲಿ ಮಾಡುವ ಆರೈಕೆಗೂ ಬೆಲೆಯುಂಟೆಂದು ಇದರಿಂದ ನಾವು ಕಲಿಯಬೇಕು. ಆದರೆ ಹನ್ನೆರಡು ವರ್ಷ ಮೀರಿ ಮೂರು ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಇಳಿದ ಮೇಲೆ ಅಷ್ಟು ಬಂದಿತು. ಬರೆದಿಟ್ಟ ಕಾಗದವಿಲ್ಲದಿದ್ದರೆ ಏನು ಹಿಡಿದು ಹತ್ತುತ್ತಿದ್ದರು?

ಮಕ್ಕಳ ವಿಷಯದಲ್ಲಿ ಶಾಲೆಯ ದಾಖಲೆಯನ್ನೂ ನೆನೆಯಬೇಕು. ಮೇಷ್ಟರ ಕೆಲಸ ಮಾಡಿದವರಿಗೆ ಗೊತ್ತು: ನಿನ್ನೆಯವರೆಗೆ ಮಗ್ಗಿ ಒಪ್ಪಿಸುತ್ತಿದ್ದ ಹುಡುಗ ಪೆಟ್ಟಿನ ನಂತರ ಹಿಂದಿನ ಬೆಂಚಿಗೆ ಸರಿಯುತ್ತಾನೆ, ದಡ್ಡನೆಂಬ ಹೆಸರು ಹೊತ್ತು ಶಾಲೆ ಬಿಡುತ್ತಾನೆ. ಅಪಘಾತದ ಮುಂಚಿನ ಅಂಕಪಟ್ಟಿ, ನಂತರದ ಅಂಕಪಟ್ಟಿ, ಹಾಜರಿ ಪುಸ್ತಕ ಇವು ವೈದ್ಯರ ವರದಿಯ ಪಕ್ಕದಲ್ಲಿ ನಿಂತರೆ ಕಾಣದ ಗಾಯ ಕಣ್ಣಿಗೆ ಕಾಣುತ್ತದೆ. ಮುಖ್ಯೋಪಾಧ್ಯಾಯರು ಕೇಳಿದವರಿಗೆ ನಕಲು ಕೊಡಲು ಹಿಂದೆಗೆಯಬಾರದು.

ಆರು ತಿಂಗಳ ಗಡುವು

ಇಷ್ಟರ ಮೇಲೆ ಸರಕಾರ ಹೊಸ ಗೋಡೆಯನ್ನೂ ಕಟ್ಟಿದೆ. ಅಪಘಾತದ ಪರಿಹಾರಕ್ಕೆ ಅರ್ಜಿ ಹಾಕಲು 1994ರಲ್ಲಿ ಕಾಲಮಿತಿಯನ್ನು ತೆಗೆದುಹಾಕಿದ್ದರು. 2019ರ ತಿದ್ದುಪಡಿ ಆರು ತಿಂಗಳ ಮಿತಿಯನ್ನು ಮತ್ತೆ ತಂದಿತು. 2022ರ ಏಪ್ರಿಲ್ 1ರಿಂದ ಅದು ಜಾರಿಯಾಯಿತು. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಆದರೂ ಕೋರ್ಟನ್ನು ನಂಬಿ ಯಾರೂ ಸುಮ್ಮನೆ ಕೂರಬಾರದು. ತಲೆಯ ಪೆಟ್ಟಿನವನಿಗೆ ಆರು ತಿಂಗಳಲ್ಲಿ ತನ್ನ ಹೆಸರೇ ನೆಟ್ಟಗೆ ನೆನಪಿಗೆ ಬಂದಿರುವುದಿಲ್ಲ. ಮೂರ್ಛೆರೋಗ ಆಮೇಲೆ ಕಾಣಿಸಿಕೊಳ್ಳಬಹುದು. ರೋಗ ಪ್ರಕಟವಾಗುವ ಮುನ್ನ ಗಡುವು ಮುಗಿಯುತ್ತದೆ. ಆದ್ದರಿಂದ ಇರುವಷ್ಟು ಕಾಗದ ಹಿಡಿದು ಅರ್ಜಿಯನ್ನು ಒಳಗೇ ಹಾಕಬೇಕು, ಮುಂದೆ ಬರುವ ವರದಿಗಳನ್ನು ಸೇರಿಸುತ್ತ ಹೋಗಬೇಕು. ಅರ್ಜಿಯನ್ನು ತಾವು ವಾಸವಾಗಿರುವ ಸೀಮೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು, ಬೆಂಗಳೂರಿಗೆ ಓಡಬೇಕಿಲ್ಲ. ಲೋಕ ಅದಾಲತ್ತಿನಲ್ಲಿ ಬೇಗ ಮುಗಿಸಿರೆಂದು ಒತ್ತಾಯ ಬಂದರೆ ಯೋಚಿಸಿ ಸಹಿ ಹಾಕಬೇಕು. ಅಲ್ಲಿಯ ರಾಜಿಗೆ ಮೇಲ್ಮನವಿ ಇಲ್ಲ.

ಪೊಲೀಸರ ಹೊಣೆಯೂ ಇದೆ. 2022ರ ನಿಯಮಗಳಂತೆ ಅಪಘಾತದ ಮೊದಲ ವರದಿ 48 ಗಂಟೆಯೊಳಗೆ, ವಿವರವಾದ ವರದಿ 90 ದಿನದೊಳಗೆ ನ್ಯಾಯಮಂಡಳಿಗೆ ಹೋಗಬೇಕು. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನದವರೆಗೆ 1,50,000 ರೂಪಾಯಿ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆಯ ಯೋಜನೆ ಜಾರಿಯಲ್ಲಿದೆ. ಒಳ್ಳೆಯದೇ. ಆದರೆ ತಲೆಯ ಗಾಯಕ್ಕೆ ಏಳು ದಿನವೆಂದರೆ ಕಣ್ಣು ಬಿಡುವಷ್ಟು ಹೊತ್ತು. ಅಲ್ಲಿಂದ ಮುಂದಿನ ವರ್ಷಗಳಿಗೆ ಯಾರು?

ವಾಹನವೇ ಇಲ್ಲದ ಗಾಯಾಳುಗಳ ಪಾಡು ಇನ್ನೂ ಕಷ್ಟ. ಕಟ್ಟಡದ ಮೇಲಿನಿಂದ ಬಿದ್ದ ಗಾರೆ ಕೆಲಸದವನಿಗೆ 1923ರ ಕಾಯಿದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅಲ್ಲೂ ಮಾಲೀಕ ಇವನು ನಮ್ಮವನೇ ಅಲ್ಲ ಎನ್ನುತ್ತಾನೆ. ಎಲ್ಲಿ ಬಿದ್ದ, ಯಾವ ಕೆಲಸದಲ್ಲಿ ಬಿದ್ದ ಎಂದು ಆಸ್ಪತ್ರೆಯ ಮೊದಲ ಪುಟದಲ್ಲಿ ಬರೆದಿದ್ದರೆ ಅದೇ ಅವನಿಗೆ ಆಧಾರ. ತನ್ನ ತೋಟದ ತೆಂಗಿನ ಮರದಿಂದ ಬಿದ್ದ ರೈತನಿಗೆ ದಾವೆ ಹೂಡಲು ಎದುರಾಳಿಯೇ ಇಲ್ಲ. ಅವನಿಗೆ ಉಳಿಯುವುದು ಅಂಗವಿಕಲರ ಪಿಂಚಣಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ತಲೆಯ ಪೆಟ್ಟಿನಿಂದಾದ ಮಿದುಳಿನ ಗಾಯಕ್ಕೆ ಆ ಪಟ್ಟಿಯಲ್ಲಿ ಅದರದೇ ಹೆಸರಿಲ್ಲ. ಬೇರೆ ಯಾವುದಾದರೂ ಹೆಸರಿನ ಕೆಳಗೆ ನುಸುಳಬೇಕು. ಅದಕ್ಕೂ ಬೇಕಾದದ್ದು ಕಾಗದವೇ.

2023ರಲ್ಲಿ ವೈದ್ಯಕೀಯ ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಎಂದು ನಾಯಕರು ಜಗಳವಾಡಿದರು, ಬಂದ್ ನಡೆಯಿತು. ಕಟ್ಟಡ ಎಲ್ಲೇ ಏಳಲಿ, ಅಲ್ಲಿ ಬರೆಯುವ ಕಾಗದ ಯಾರದು ಎಂದು ಯಾವ ನಾಯಕರೂ ಕೇಳಲಿಲ್ಲ. ನಾವು ಕೇಳುತ್ತೇವೆ. ನಮ್ಮ ಬೇಡಿಕೆಗಳು ಇವು:

1. ತಲೆಗೆ ಪೆಟ್ಟು ಬಿದ್ದ ಪ್ರತಿ ಒಳರೋಗಿಗೂ ಆಸ್ಪತ್ರೆ ಬಿಡುವ ದಿನವೇ ಕೇಸ್ ಶೀಟಿನ ನಕಲು, ಸ್ಕ್ಯಾನ್ ವರದಿ, ಕನ್ನಡದಲ್ಲಿ ಒಂದು ಪುಟದ ಸಾರಾಂಶ, ಇವನ್ನು ಕೇಳದೆಯೇ ಉಚಿತವಾಗಿ ಕೊಡಬೇಕು. ಬಿಲ್ಲಿನ ಬಾಕಿಯನ್ನು ನೆಪ ಮಾಡಬಾರದು.

2. 72 ಗಂಟೆಯ ನಿಯಮವನ್ನು ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ಮುರಿದವರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿಗಳು ಕ್ರಮ ಕೈಗೊಳ್ಳಬೇಕು.

3. ಎಂ.ಎಲ್.ಸಿ. ರಿಜಿಸ್ಟರಿನ ಕಾರಣದ ಸಾಲನ್ನು ಮನೆಯವರಿಗೆ ಓದಿ ಹೇಳಬೇಕು. ತಪ್ಪಿದ್ದರೆ ಮೊದಲಿನದನ್ನು ಅಳಿಸದೆ, ದಿನಾಂಕ ಹಾಕಿ ಅವರ ಹೇಳಿಕೆಯನ್ನು ಕೆಳಗೆ ಸೇರಿಸಬೇಕು.

4. ನಿಮ್ಹಾನ್ಸ್ ತಜ್ಞರ ನೆರವಿನಿಂದ ಜ್ಞಾಪಕ, ಬುದ್ಧಿಯ ಪರೀಕ್ಷೆ ಮತ್ತು ಪ್ರಮಾಣಪತ್ರದ ಕೆಲಸ ರಾಮನಗರದ ಜಿಲ್ಲಾ ಆಸ್ಪತ್ರೆಯಲ್ಲೇ ನಿಗದಿತ ದಿನಗಳಲ್ಲಿ ನಡೆಯಬೇಕು.

5. ಆರು ತಿಂಗಳ ಗಡುವನ್ನು ಸಂಸತ್ತು ತೆಗೆದುಹಾಕಬೇಕು.

ಓದುಗ ಬಂಧುಗಳಿಗೂ ಒಂದು ಮಾತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ನಿಮ್ಮ ಬೀದಿಯಲ್ಲಿ ಒಬ್ಬರ ತಲೆಗೆ ಪೆಟ್ಟಾದರೆ ಆ ವಾರವೇ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಚೀಟಿ, ಬಿಲ್ಲು, ಫಿಲಂ ಒಂದನ್ನೂ ಬಿಸಾಡದೆ ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ. ಮೂರ್ಛೆ ಬಂದ ದಿನ, ಕೆಲಸ ತಪ್ಪಿದ ದಿನ, ಮರೆವಿನ ಸಂಗತಿಗಳನ್ನು ಮಕ್ಕಳ ಕೈಯಲ್ಲಿ ಒಂದು ನೋಟುಪುಸ್ತಕದಲ್ಲಿ ಬರೆಸಿ, ಮುಂದಿನ ಸಲ ವೈದ್ಯರಿಗೆ ತೋರಿಸಿ. ಹಣವಿಲ್ಲವೆಂದು ಹಿಂಜರಿಯಬೇಡಿ. ಹೆಂಗಸರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು ಇವರಿಗೆ 1987ರ ಕಾಯಿದೆಯಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ದೊರೆಯುತ್ತಾರೆ. ಒಬ್ಬರೇ ಹೋದರೆ ನಾಳೆ ಬಾ ಎನ್ನುವ ಗುಮಾಸ್ತ, ಹತ್ತು ಜನ ಹೋದರೆ ಇಂದೇ ಕೊಡುತ್ತಾನೆ.

ಉಳುವವನೇ ಹೊಲದೊಡೆಯ ಎಂದು ಸಾರಿದ ನಾಡು ಇದು. ನೋವುಂಡವನೇ ತನ್ನ ನೋವಿನ ದಾಖಲೆಗೆ ಒಡೆಯ ಎಂದು ಸಾರಲು ಇನ್ನೂ ತಡವೇಕೆ?